ಮನಸ್ಸಿನ ಕಷ್ಟವನ್ನು ಮನೆಯಲ್ಲಿ ಹೇಳಿಕೊಳ್ಳುವುದು ಹೇಗೆ: ಮೊದಲ ಮಾತಿನಿಂದ ಮನೋವೈದ್ಯರ ಕೋಣೆಯವರೆಗೆ

"ಹೇಳಿಕೊಂಡೆ, ಆದರೆ ಹೇಳದಿದ್ದರೇ ಚೆನ್ನಾಗಿತ್ತು ಅನ್ನಿಸಿತು." ಮೂಡಿಗೆರೆ, ಆಲ್ದೂರು, ಬೇಲೂರು, ಅರಸೀಕೆರೆ ಕಡೆಯಿಂದ ನನ್ನ ಹತ್ತಿರ ಮಾತಾಡಲು ಬಂದವರಲ್ಲಿ ಬಹುಪಾಲು ಜನ ಮೊದಲು ಹೇಳುವುದು ಇದನ್ನೇ. ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿದ್ದನ್ನು ಒಂದು ದಿನ ಹೇಗೋ ಹೊರಗೆ ಹಾಕಿರುತ್ತಾರೆ. ಅದು ಜಗಳದಲ್ಲೋ, ಅಳುವಿನಲ್ಲೋ, "ಸುಮ್ನೆ ಏನೇನೋ ಯೋಚ್ನೆ ಮಾಡ್ಬೇಡ" ಎಂಬ ಒಂದು ಮಾತಿನಲ್ಲೋ ಮುಗಿದುಹೋಗಿರುತ್ತದೆ. ಆಮೇಲೆ ಬಾಯಿ ಮತ್ತೆ ಮುಚ್ಚುತ್ತದೆ, ಈ ಸಲ ಇನ್ನೂ ಬಿಗಿಯಾಗಿ.

ಅವರ ಮಾತು ಕೇಳುತ್ತಾ ಹೋದರೆ ಸಿಗುವ ತಪ್ಪುಗಳು ಹೆಚ್ಚುಕಮ್ಮಿ ನಾಲ್ಕೇ. ಸಿಟ್ಟು ಬಂದಾಗ ಹೇಳುವುದು. ಇಡೀ ಮನೆಗೆ ಒಟ್ಟಿಗೆ ಹೇಳುವುದು. ಕಾಯಿಲೆಯ ಹೆಸರಿನಿಂದ ಶುರು ಮಾಡುವುದು. ಹೇಳಿದ ಮೇಲೆ ಏನು ಬೇಕು ಅಂತ ಕೇಳದೇ ಎದ್ದುಹೋಗುವುದು. ಈ ನಾಲ್ಕನ್ನೂ ನಾನೇ ಮಾಡಿದ್ದೇನೆ. ಧೈರ್ಯ ಸಾಲದೆ ಸೋತವರು ಕಡಿಮೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ತಪ್ಪಿ ಸೋತವರೇ ಹೆಚ್ಚು. ಹಾಗಾಗಿ ಕೆಳಗಿರುವುದನ್ನು ಅದೇ ಕ್ರಮದಲ್ಲಿ ಮಾಡಿ.

ಈ ಹಂತಗಳಿಗೆ ಕಾಯಬಾರದವರು

ಸಾಯಬೇಕು ಅನ್ನಿಸುತ್ತಿದ್ದರೆ, ಹೇಗೆ ಅಂತಲೂ ಯೋಚನೆ ಬರುತ್ತಿದ್ದರೆ, ಪುಸ್ತಕ, ಪೆನ್ನು, ಒಳ್ಳೆಯ ಸಮಯ ಯಾವುದನ್ನೂ ನೋಡಬೇಡಿ. ಈಗಲೇ, ಹತ್ತಿರ ಯಾರಿದ್ದಾರೋ ಅವರಿಗೆ, ಇಷ್ಟೇ ಹೇಳಿ: "ನನಗೆ ಬದುಕೋದು ಬೇಡ ಅನ್ನಿಸ್ತಾ ಇದೆ. ನನ್ನೊಬ್ಬನ್ನೇ ಬಿಟ್ಟು ಹೋಗ್ಬೇಡಿ." ಹತ್ತಿರ ಯಾರೂ ಇಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಅನ್ನುವಂತಿದ್ದರೆ 112 ಅಥವಾ 108.

ನಮ್ಮ ಕಡೆ ಇನ್ನೊಂದು ಮಾತು ಹೇಳಲೇಬೇಕು. ತೋಟದ ಮನೆಗಳಲ್ಲಿ ಕಳೆನಾಶಕ, ಕೀಟನಾಶಕ ಜಗಲಿ ಮೂಲೆಯಲ್ಲೇ ಇರುತ್ತವೆ. ಕೆಲವು ಮನೆಯಲ್ಲಿ ಕೋವಿಯೂ ಇರುತ್ತದೆ. ಅವನ್ನು ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ ಅಂತ ನೀವೇ ಕೇಳಿಕೊಳ್ಳಿ. ಅಂಥ ಯೋಚನೆಯ ಅಲೆ ಒಂದಷ್ಟು ಹೊತ್ತು ಜೋರಾಗಿ ಬಂದು ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಏನೇನು ಬೇಕು

ಒಂದು ನೋಟ್‌ಬುಕ್ಕು. ಯಾರೂ ಬರದ ಅರ್ಧ ಗಂಟೆ. ಒಬ್ಬರೇ ಒಬ್ಬರು ನಂಬಿಕಸ್ಥರು. ಫೋನಿನಲ್ಲಿ ಸೇವ್ ಮಾಡಿಟ್ಟ 14416. ಮನೆಯವರ ಕಣ್ಣಿಗೆ ಬೀಳುವುದು ಬೇಡ ಅಂದರೆ ನಂಬರನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಮಲೆನಾಡಿನವರಿಗೆ ಐದನೆಯದೂ ಒಂದಿದೆ: ನೆಟ್‌ವರ್ಕ್ ಸಿಗುವ, ಆದರೆ ಮಾತು ಇನ್ನೊಬ್ಬರ ಕಿವಿಗೆ ಬೀಳದ ಜಾಗ. ಸಿಗ್ನಲ್ ಸಿಗುವ ಗುಡ್ಡದ ಮೇಲೆ ಊರಿನ ಅರ್ಧ ಜನ ಫೋನ್ ಹಿಡಿದು ನಿಂತಿರುತ್ತಾರೆ. ಆದ್ದರಿಂದ ಇದನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ಹಂತ 1: ಒಂದು ವಾರ ಬರೆಯಿರಿ, ಅದೂ ದೇಹದ ಭಾಷೆಯಲ್ಲಿ

"ಮನಸ್ಸಿಗೆ ಸರಿ ಇಲ್ಲ" ಅಂದರೆ ಕೇಳುವವರಿಗೆ ಏನೂ ಕಾಣುವುದಿಲ್ಲ. "ಮೂರು ವಾರದಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಹತ್ತಲ್ಲ" ಅಂದರೆ ಕಾಣುತ್ತದೆ. ಮನೆಯವರಿಗೂ ಅರ್ಥವಾಗುವ, ಡಾಕ್ಟರಿಗೂ ಬೇಕಾಗುವ ಭಾಷೆ ಇದು.

ದಿನಾ ರಾತ್ರಿ ನಾಲ್ಕು ಸಾಲು ಸಾಕು. ಎಷ್ಟು ಗಂಟೆ ನಿದ್ದೆ, ನಡುವೆ ಎಚ್ಚರವಾಯಿತೇ. ಊಟ ಎಷ್ಟು ಸೇರಿತು. ಮೊದಲು ಮಾಡುತ್ತಿದ್ದ ಯಾವ ಕೆಲಸ ಇವತ್ತು ಬಿಟ್ಟೆ. ಯಾವ ಹೊತ್ತಿನಲ್ಲಿ ಹೆಚ್ಚು ಕಷ್ಟವಾಯಿತು. ನನ್ನ ಹಳೆಯ ಪುಸ್ತಕದ ಒಂದು ಪುಟದಲ್ಲಿ ಹೀಗಿದೆ: "ಮಂಗಳವಾರ. ನಾಲ್ಕು ಗಂಟೆ ನಿದ್ದೆ. ಬೆಳಿಗ್ಗೆ ಒಂದೇ ಕಡುಬು, ಅದೂ ಗಂಟಲಲ್ಲಿ ನಿಂತಂತೆ ಆಯಿತು. ಗಡ್ಡ ತೆಗೆದು ಹನ್ನೊಂದು ದಿನ. ಸಂಜೆ ಫೋನ್ ರಿಂಗ್ ಆದರೆ ಎದೆ ಡವಡವ." ಇಷ್ಟೇ. ಇದನ್ನು ಓದಿದ ಮೇಲೆ ಯಾರೂ ನನ್ನನ್ನು ಸೋಮಾರಿ ಅನ್ನಲಿಲ್ಲ.

ಎರಡು ವಾರ ಅನ್ನುವ ಗಡುವನ್ನು ನೆನಪಿಡಿ. ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಊಟದ ಏರುಪೇರು, ಸುಸ್ತು, ನಾನು ಯಾವುದಕ್ಕೂ ಬಾರದವನು ಅನ್ನುವ ಭಾವನೆ ಹೆಚ್ಚುಕಡಿಮೆ ದಿನವೂ ಎರಡು ವಾರ ಇದ್ದರೆ ವೈದ್ಯರು ಅದನ್ನು ಖಿನ್ನತೆ ಇರಬಹುದೇ ಎಂದು ಪರೀಕ್ಷಿಸುತ್ತಾರೆ. ನಮ್ಮಲ್ಲಿ ಬಹಳ ಜನರಿಗೆ ಇದು ಮೊದಲು ದೇಹದಲ್ಲೇ ಕಾಣಿಸಿಕೊಳ್ಳುತ್ತದೆ: ಎದೆ ಭಾರ, ತಲೆ ಸುತ್ತು, ಕೈಕಾಲು ಸೋಲುವುದು, ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೂ ಹೋಗದ ಹೊಟ್ಟೆಯ ಸಂಕಟ. ಅದನ್ನೂ ಬರೆಯಿರಿ.

ಇಲ್ಲಿ ಆಗುವ ತಪ್ಪು: ಯಾರಿಂದ ಹೀಗಾಯಿತು ಅಂತ ಬರೆಯಲು ಕೂರುವುದು. ಅಪ್ಪ, ಅತ್ತೆ, ಮ್ಯಾನೇಜರ್, ಆಸ್ತಿ ಪಾಲು ಎಲ್ಲ ಬರುತ್ತವೆ. ಅದು ಇನ್ನೊಂದು ಪುಸ್ತಕಕ್ಕೆ ಹೋಗಲಿ. ಈ ಪುಸ್ತಕದಲ್ಲಿ ಏನಾಗುತ್ತಿದೆ ಅನ್ನುವುದು ಮಾತ್ರ ಇರಲಿ.

ಹಂತ 2: ಒಬ್ಬರನ್ನು ಆರಿಸಿಕೊಳ್ಳಿ

ಅತಿ ಹತ್ತಿರದವರೇ ಸರಿಯಾದವರು ಅಂತೇನಿಲ್ಲ. ನಿಮ್ಮನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಅಪ್ಪನಿಗೆ ಆ ಹೊತ್ತಿನಲ್ಲಿ ಭಯವೇ ಮುಂದಾಗಿ, ಭಯ ಸಿಟ್ಟಾಗಿ ಹೊರಗೆ ಬರಬಹುದು. ಸೋದರಮಾವ, ಚಿಕ್ಕಮ್ಮ, ಭಾವ, ಹೈಸ್ಕೂಲಿನ ಮೇಷ್ಟ್ರು, ಜೊತೆಗೆ ಕೆಲಸ ಮಾಡುವವರು, ಯಾರಾದರೂ ಆಗಬಹುದು.

ನಾನು ನೋಡುವುದು ಮೂರನ್ನು. ಆ ವ್ಯಕ್ತಿ ಇನ್ನೊಬ್ಬರ ಗುಟ್ಟನ್ನು ನಿಮ್ಮ ಹತ್ತಿರ ಬಂದು ಹೇಳುತ್ತಾರೆಯೇ? ಹೇಳುತ್ತಾರೆ ಅಂದರೆ ನಿಮ್ಮದನ್ನೂ ಹೇಳುತ್ತಾರೆ. ನೀವು ಮಾತಾಡುವಾಗ ನಡುವೆ ಬಾಯಿ ಹಾಕದೆ ಐದು ನಿಮಿಷ ಕೇಳಬಲ್ಲರೇ? ಬೇಕಾದಾಗ ನಿಮ್ಮ ಜೊತೆ ಬಸ್ಸು ಹತ್ತಿ ಹಾಸನದ ಆಸ್ಪತ್ರೆಯವರೆಗೆ ಬರಬಲ್ಲರೇ? ಮೂರಕ್ಕೆ ಎರಡು ಹೊಂದಿದರೂ ಸಾಕು.

ಅನುಮಾನ ಇದ್ದರೆ ಸಣ್ಣದೊಂದು ಮಾತಿನಿಂದ ಪರೀಕ್ಷೆ ಮಾಡಿ. "ಈಚೆಗೆ ರಾತ್ರಿ ನಿದ್ದೆನೇ ಬರ್ತಿಲ್ಲ ಕಣಕ್ಕ" ಅನ್ನಿ, ಅಷ್ಟಕ್ಕೇ ನಿಲ್ಲಿಸಿ. "ಯಾಕೆ, ಎಷ್ಟ್ ದಿನ ಆಯ್ತು?" ಅಂತ ಕೇಳಿದರೆ ಬಾಗಿಲು ತೆರೆದಿದೆ. "ಮೊಬೈಲ್ ಜಾಸ್ತಿ ಆಯ್ತು ನಿಂಗೆ" ಅಂದರೆ ಬೇರೆಯವರನ್ನು ನೋಡಿ. ಅವರ ಮೇಲೆ ಬೇಸರ ಮಾಡಿಕೊಳ್ಳುವುದು ಬೇಡ, ಈ ಕೆಲಸಕ್ಕೆ ಅವರು ಆಗುವುದಿಲ್ಲ ಅಷ್ಟೇ.

ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದು ಎಲ್ಲರಿಗಿಂತ ಕಷ್ಟದ ಹಂತ. ತವರಿಗೆ ಹೇಳಿದರೆ "ಹೊಂದಿಕೊಂಡು ಹೋಗು" ಅನ್ನುತ್ತಾರೆ. ಗಂಡನ ಮನೆಯಲ್ಲಿ ಹೇಳಿದರೆ "ತವರಿನವರು ಮುಚ್ಚಿಟ್ಟು ಮದುವೆ ಮಾಡಿದ್ರು" ಅನ್ನುವ ಮಾತು ಹುಟ್ಟುತ್ತದೆ. ಬೇಲೂರು ಕಡೆಯ ಒಬ್ಬ ತಾಯಿ ಹೆರಿಗೆಯಾಗಿ ಎರಡು ತಿಂಗಳಾದರೂ ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದೆ ಒದ್ದಾಡಿದರು. ಅವರು ಮೊದಲು ಹೇಳಿದ್ದು ಗಂಡನಿಗೂ ಅಲ್ಲ, ತಾಯಿಗೂ ಅಲ್ಲ. ಮಗುವಿನ ಚುಚ್ಚುಮದ್ದಿಗೆ ಹೋದಾಗ ಆಸ್ಪತ್ರೆಯ ನರ್ಸಿಗೆ. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ ಅಂತ ಆ ನರ್ಸೇ ಗಂಡನನ್ನು ಕೂರಿಸಿ ಹೇಳಿದರು. ಆರೋಗ್ಯ ಇಲಾಖೆಯವರ ಬಾಯಿಂದ ಬಂದ ಮಾತಿಗೆ ಮನೆಯಲ್ಲಿ ತೂಕ ಬೇರೆ. ಬೇಕಾದಾಗ ಅದನ್ನು ಬಳಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಕುಡಿದಿರುವವರಿಗೆ ಹೇಳಬೇಡಿ, ಕುಡಿದು ಹೇಳಬೇಡಿ.

ಹಂತ 3: ಹೊತ್ತು ಮತ್ತು ಜಾಗ

ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದ ಎರಡನೇ ವರ್ಷ ನಾನು ಅಪ್ಪಯ್ಯನಿಗೆ ಹೇಳಿದ್ದು ಒಂದು ಬಟವಾಡೆ ದಿನ. ಕಾಫಿ ಕೊಯ್ಲಿನ ಕಾಲ. ಕಣದ ಪಕ್ಕ ಆಳುಗಳು ಸಾಲಾಗಿ ನಿಂತಿದ್ದರು, ರೈಟರ್ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುತ್ತಿದ್ದರು, ಅಪ್ಪಯ್ಯ ನೋಟು ಎಣಿಸುತ್ತಿದ್ದರು. ಒಂದು ಹೆಸರು ಎರಡು ಸಲ ಬಂತು, ನಾನು ಲೆಕ್ಕ ತಪ್ಪಿಸಿದ್ದೆ. "ಗಮನ ಎಲ್ಲಿರುತ್ತೆ ನಿಂದು?" ಅಂದರು. "ನನಗೆ ಡಿಪ್ರೆಶನ್ ಆಗಿದೆ, ನಿಮಗೆ ಯಾರಿಗೂ ಅದು ಬೇಕಾಗಿಲ್ಲ" ಅಂತ ಅಲ್ಲೇ ಕೂಗಿಬಿಟ್ಟೆ. ಅಷ್ಟು ಜನರ ಮುಂದೆ. ಅಪ್ಪಯ್ಯ ತಲೆ ಎತ್ತಲಿಲ್ಲ, ನೋಟನ್ನು ಮತ್ತೆ ಮೊದಲಿಂದ ಎಣಿಸಲು ಶುರು ಮಾಡಿದರು. ಆ ವಿಷಯ ನಮ್ಮ ಮನೆಯಲ್ಲಿ ಮತ್ತೆ ಬಂದದ್ದು ನಾಲ್ಕು ತಿಂಗಳ ಮೇಲೆ.

ಎರಡನೆಯ ಸಲ ಅವ್ವನಿಗೆ ಹೇಳಿದೆ, ಬಚ್ಚಲ ಒಲೆಯ ಮುಂದೆ. ಬೆಳಿಗ್ಗೆ ಐದೂವರೆ, ಹೊರಗೆ ಇನ್ನೂ ಕತ್ತಲೆ, ಹಂಡೆಯಲ್ಲಿ ನೀರು ಕಾಯುತ್ತಿತ್ತು. ಅವ್ವ ಒಣಗಿದ ಸಿಲ್ವರ್ ಓಕ್ ಮರದ ಕೊಂಬೆಗಳನ್ನು ಒಲೆಗೆ ನೂಕುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಬೆಂಕಿ ನೋಡುತ್ತಲೇ ಮಾತಾಡಿದೆ. ಅವಳೂ ನನ್ನ ಮುಖ ನೋಡಲಿಲ್ಲ. ಕೊಂಬೆ ಮುರಿಯುವುದನ್ನು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, "ಎಷ್ಟ್ ದಿವ್ಸದಿಂದ ಮಗ?" ಅಂತ ಮಾತ್ರ ಕೇಳಿದಳು.

ಮುಖಕ್ಕೆ ಮುಖ ಕೊಟ್ಟು ಕೂರುವುದಕ್ಕಿಂತ ಪಕ್ಕಪಕ್ಕದಲ್ಲಿ ಇದ್ದಾಗ ಇಂಥ ಮಾತು ಸುಲಭ. ಅವರೆಕಾಯಿ ಸುಲಿಯುವಾಗ, ಬೈಕಿನಲ್ಲಿ ಹೋಗಿ ಕೆರೆ ಏರಿಯ ಮೇಲೆ ನಿಂತಾಗ, ಸಂಜೆ ತೋಟದಲ್ಲಿ ನಡೆಯುವಾಗ. ಕೈಗೆ ಸಣ್ಣ ಕೆಲಸ ಇರಲಿ, ಸುತ್ತ ಮೂರನೆಯವರು ಬೇಡ, ಇಬ್ಬರಿಗೂ ಮುಂದಿನ ಅರ್ಧ ಗಂಟೆ ಬೇರೆ ಕೆಲಸ ಇರಬಾರದು.

ತಪ್ಪಿಸಬೇಕಾದ ದಿನಗಳು: ಬಟವಾಡೆ, ಸಂತೆ, ಹಬ್ಬ, ನೆಂಟರು ಉಳಿದುಕೊಂಡಿರುವ ದಿನ, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂತ ಮನೆಯವರೆಲ್ಲ ಆಕಾಶ ನೋಡುತ್ತಿರುವ ವಾರ, ಆಲೂಗಡ್ಡೆಗೆ ರೋಗ ಬಿದ್ದ ವಾರ. ಹಾಗಂತ ಒಳ್ಳೆಯ ದಿನ ಬರಲಿ ಅಂತ ತಿಂಗಳು ಕಾಯುವುದೂ ತಪ್ಪೇ. ಬರೆದು ಮುಗಿದ ಹತ್ತು ದಿನದೊಳಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಹಂತ 4: ಮೊದಲ ನಾಲ್ಕು ಮಾತು

ಇದನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಗಂಟಲು ಕಟ್ಟುತ್ತದೆ, ಹೊಸ ಮಾತು ಹೊಳೆಯುವುದಿಲ್ಲ.

ಮೊದಲನೆಯದು ಅನುಮತಿ: "ಅವ್ವ, ಒಂದ್ ಹತ್ತು ನಿಮಿಷ ನಂಗೆ ಮಾತಾಡ್ಬೇಕು. ಮುಗಿಯೋ ತನಕ ಏನೂ ಹೇಳ್ಬೇಡ, ಸುಮ್ನೆ ಕೇಳಿಸ್ಕೊ."

ಎರಡನೆಯದು ಏನಾಗುತ್ತಿದೆ: "ಒಂದು ತಿಂಗಳಿಂದ ನಂಗೆ ನಿದ್ದೆ ಇಲ್ಲ. ಊಟ ಸೇರಲ್ಲ. ಬೆಳಿಗ್ಗೆ ಎದ್ರೆ ಎದೆ ಮೇಲೆ ಕಲ್ಲು ಇಟ್ಟಂಗೆ ಇರುತ್ತೆ."

ಮೂರನೆಯದು ಭಯ ಕಳೆಯುವ ಮಾತು: "ಇದು ನಿನ್ನಿಂದ ಆಗಿದ್ದಲ್ಲ. ಸಾಲಾನೂ ಮಾಡಿಲ್ಲ, ತಪ್ಪು ಕೆಲಸಾನೂ ಮಾಡಿಲ್ಲ." ಸಾಲ ನಿಜವಾಗಿಯೂ ಇದ್ದರೆ ಇದನ್ನು ಹೇಳಬೇಡಿ, ಸುಳ್ಳು ಆಮೇಲೆ ಎಲ್ಲವನ್ನೂ ಕೆಡಿಸುತ್ತದೆ. "ಸಾಲದ ಮಾತು ಬೇರೆ ದಿನ ಕೂತು ಆಡೋಣ, ಇವತ್ತು ಇದೊಂದೇ" ಅನ್ನಿ.

ನಾಲ್ಕನೆಯದು ಕೋರಿಕೆ: "ಗುರುವಾರ ನಾನು ಡಾಕ್ಟ್ರ ಹತ್ರ ಹೋಗ್ತೀನಿ. ನೀನು ಜೊತೆಗೆ ಬಾ."

ಎಲ್ಲರೂ ಬಿಟ್ಟುಬಿಡುವುದು ಈ ನಾಲ್ಕನೆಯದನ್ನೇ. ಕೋರಿಕೆ ಇಲ್ಲದೆ ಕಷ್ಟ ಮಾತ್ರ ಹೇಳಿದರೆ ಕೇಳಿದವರು ಕಂಗಾಲಾಗುತ್ತಾರೆ. ಏನಾದರೂ ಮಾಡಬೇಕಲ್ಲ ಅಂತ ಉಪದೇಶ ಮಾಡುತ್ತಾರೆ, ಇಲ್ಲವೇ ಯಾರನ್ನೋ ಕೇಳಲು ಓಡುತ್ತಾರೆ. ಕೈಗೆ ಒಂದು ಕೆಲಸ ಕೊಟ್ಟರೆ ಅವರ ಕಳವಳಕ್ಕೂ ದಾರಿ ಸಿಗುತ್ತದೆ. ಕೋರಿಕೆ ಚಿಕ್ಕದಾಗಿರಲಿ, ದಿನ ಗೊತ್ತಿರಲಿ, ಅವರ ಕೈಲಿ ಆಗುವಂಥದ್ದಾಗಿರಲಿ. ದಿನಾ ಸಂಜೆ ಹತ್ತು ನಿಮಿಷ ಜೊತೆಗೆ ನಡೆಯುವುದು, ಒಂದು ವಾರ ಬೆಳಗಿನ ಕೊಟ್ಟಿಗೆ ಕೆಲಸ ನೋಡಿಕೊಳ್ಳುವುದು, ಅಪ್ಪನಿಗೆ ಈಗಲೇ ಹೇಳದಿರುವುದು, ಇವು ಕೋರಿಕೆಗಳು. "ನನ್ನನ್ನ ಅರ್ಥ ಮಾಡ್ಕೊಳ್ಳಿ" ಅನ್ನುವುದನ್ನು ಯಾರಿಗೂ ಮಾಡಿ ಮುಗಿಸಲು ಬರುವುದಿಲ್ಲ.

ಬೇಡದ ಮಾತುಗಳೂ ಇವೆ. "ಡಿಪ್ರೆಶನ್", "ಖಿನ್ನತೆ", "ಆಂಕ್ಸೈಟಿ" ಮೊದಲ ವಾಕ್ಯದಲ್ಲಿ ಬೇಡ. ಹಿರಿಯರ ಕಿವಿಗೆ ಅದು ಒಂದೋ ಟಿವಿಯ ಮಾತು, ಇಲ್ಲವೇ ಹುಚ್ಚು. ಹೆಸರನ್ನು ಡಾಕ್ಟರೇ ಹೇಳಲಿ. "ನೀವು ಯಾವತ್ತೂ", "ನಿಮ್ಮಿಂದಲೇ" ಅಂತ ಶುರುವಾಗುವ ಯಾವ ಮಾತೂ ಇವತ್ತು ಬೇಡ, ಅದು ನಿಜವಾಗಿದ್ದರೂ.

ಬಾಯಿ ಬಾರದಿದ್ದರೆ ಈ ನಾಲ್ಕನ್ನೇ ಚೀಟಿಯಲ್ಲಿ ಬರೆದು ಕೊಡಿ, ಕೊಟ್ಟು ಪಕ್ಕದಲ್ಲೇ ಕೂತಿರಿ. ಚೀಟಿ ಇಟ್ಟು ಮನೆಯಿಂದ ಹೊರಗೆ ಹೋಗಬೇಡಿ, ಓದಿದವರು ಬೇರೆಯೇ ಅರ್ಥ ಮಾಡಿಕೊಂಡು ಗಾಬರಿ ಬೀಳುತ್ತಾರೆ.

ಹಂತ 5: ಬರುವ ಉತ್ತರಗಳಿಗೆ ಸಿದ್ಧವಾಗಿರಿ

"ನಿಂಗೇನ್ ಕಡಿಮೆ ಆಗಿದೆ?" ಇದು ಬಂದೇ ಬರುತ್ತದೆ. ಊಟ ಬಟ್ಟೆಗೆ ಪರದಾಡಿ ಬೆಳೆದವರು ಕೇಳುವ ಪ್ರಶ್ನೆ ಇದು, ಅದರಲ್ಲಿ ಕೆಟ್ಟದ್ದೇನಿಲ್ಲ. "ಕಡಿಮೆ ಏನೂ ಇಲ್ಲ, ಅದಕ್ಕೇ ನಂಗೂ ಅರ್ಥ ಆಗ್ತಿಲ್ಲ. ಶುಗರ್ ಬಂದೋರಿಗೆ ಊಟ ಕಡಿಮೆ ಆಗಿತ್ತಾ?" ಅನ್ನಿ. ಬಿಪಿ, ಶುಗರ್, ಥೈರಾಯ್ಡ್ ಇಲ್ಲದ ಮನೆ ನಮ್ಮಲ್ಲಿ ಕಡಿಮೆ, ಹೋಲಿಕೆ ತಕ್ಷಣ ಮನಸ್ಸಿಗೆ ಹೋಗುತ್ತದೆ.

"ನಮ್ಮ ವಂಶದಲ್ಲೇ ಯಾರಿಗೂ ಇಲ್ಲ." ಇದಕ್ಕೆ ವಾದ ಬೇಡ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಹತ್ತು ಜನ ದೊಡ್ಡವರಿರುವ ಕೂಡುಕುಟುಂಬ ಅಂದರೆ ಸರಾಸರಿ ಒಬ್ಬರು. ಅಜ್ಜನ ಕಾಲದಲ್ಲೂ ಇದ್ದೇ ಇತ್ತು, ಅವರನ್ನು "ಮಾತು ಕಮ್ಮಿ", "ಕೋಪಿಷ್ಠ", "ಮನೆ ಬಿಟ್ಟು ಹೋದ" ಅಂತ ನೆನಪಿಟ್ಟುಕೊಂಡಿರುತ್ತೇವೆ.

"ದೃಷ್ಟಿ ಆಗಿದೆ, ತಾಯತ ಕಟ್ಟಿಸೋಣ, ದೇವರ ಹತ್ರ ಕೇಳಿಸೋಣ." ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ದೇವರ ವಿಷಯಕ್ಕೆ ಜಗಳ ಆಡಬೇಡಿ. "ದೇವಸ್ಥಾನಕ್ಕೂ ಬರ್ತೀನಿ, ಗುರುವಾರ ಆಸ್ಪತ್ರೆಗೂ ಹೋಗೋಣ" ಅನ್ನಿ. ಹರಕೆ ಹೊತ್ತರೆ ಅವ್ವನ ಮನಸ್ಸಿಗೆ ಸಮಾಧಾನ, ಅದೂ ಬೇಕು. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸು ಅನ್ನುವುದು ಬಂದರೆ ಅಲ್ಲಿಗೆ ಹೋಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಿ. ಜೊತೆಗೆ ನಿಲ್ಲುವವರನ್ನು ಕರೆಯಿರಿ.

"ಮದುವೆ ಮಾಡಿದ್ರೆ ಎಲ್ಲ ಸರಿ ಹೋಗುತ್ತೆ." ಸರಿ ಹೋಗುವುದಿಲ್ಲ. ಇನ್ನೊಂದು ಜೀವವೂ ಕಷ್ಟಕ್ಕೆ ಸೇರುತ್ತದೆ ಅಷ್ಟೇ. "ಮೊದಲು ಚಿಕಿತ್ಸೆ, ಆಮೇಲೆ ಆ ಮಾತು" ಅನ್ನುವುದರಿಂದ ಹಿಂದೆ ಸರಿಯಬೇಡಿ.

"ಯಾರಿಗೂ ಹೇಳ್ಬೇಡ, ಮರ್ಯಾದೆ ಪ್ರಶ್ನೆ." ಇದನ್ನು ಅರ್ಧ ಒಪ್ಪಿಕೊಳ್ಳಿ: "ಊರಿಗೆಲ್ಲ ಹೇಳಲ್ಲ. ಡಾಕ್ಟ್ರಿಗೆ ಹೇಳ್ತೀನಿ."

ಏನೂ ಉತ್ತರ ಬರದೇ ಇರುವುದೂ ಉಂಟು, ಗಂಡಸರಲ್ಲಿ ವಿಶೇಷವಾಗಿ. ಎದ್ದು ಹೋಗಿ ದನಕ್ಕೆ ಹುಲ್ಲು ಹಾಕುತ್ತಾರೆ. ಅದನ್ನು ತಿರಸ್ಕಾರ ಅಂದುಕೊಳ್ಳಬೇಡಿ. ಎರಡು ದಿನ ಬಿಟ್ಟು "ಅವತ್ತು ಹೇಳಿದ್ನಲ್ಲ, ಗುರುವಾರ ಹೋಗೋದು" ಅಂತ ಕೋರಿಕೆಯನ್ನಷ್ಟೇ ನೆನಪಿಸಿ.

ಮಾತು ಹಾದಿ ತಪ್ಪುತ್ತಿದೆ ಅನ್ನುವ ಸೂಚನೆಗಳು ಹೀಗಿರುತ್ತವೆ: ದನಿ ಏರುತ್ತಿದೆ, ಹಳೆಯ ಆಸ್ತಿ ವಿಷಯ ಬಂತು, ಮೂರನೆಯವರನ್ನು ಕೂಗಿ ಕರೆದರು, ನೀವು ನಿಮ್ಮನ್ನೇ ಸಮರ್ಥಿಸಿಕೊಳ್ಳಲು ಶುರು ಮಾಡಿದಿರಿ. ಇವುಗಳಲ್ಲಿ ಒಂದು ಕಂಡರೂ "ಇವತ್ತಿಗೆ ಸಾಕು, ನೀರು ಕೊಡು" ಅಂತ ಎದ್ದುಬಿಡಿ. ಅರ್ಧಕ್ಕೆ ನಿಂತ ಮಾತನ್ನು ನಾಳೆ ಮುಂದುವರಿಸಬಹುದು, ಜಗಳವಾದ ಮೇಲೆ ಕಷ್ಟ.

ಹಂತ 6: ಡಾಕ್ಟರ ಹತ್ತಿರ

ಎಲ್ಲಿಗೆ ಹೋಗಬೇಕು ಅನ್ನುವ ಗೊಂದಲದಲ್ಲೇ ವಾರಗಳು ಕಳೆಯುತ್ತವೆ. ಹಾಸನದವರಿಗೆ ಹಿಮ್ಸ್, ಅಂದರೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಚಿಕ್ಕಮಗಳೂರಿನವರು ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರದಂದು ಬಂದು ನೋಡುವ ಏರ್ಪಾಡನ್ನು ರಾಜ್ಯ ಸರ್ಕಾರ ಮಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು, ಆದರೆ ಅವರು ನಿಮ್ಮ ಊರಿನವರೇ ಆಗಿರುತ್ತಾರೆ. ಗುಟ್ಟಿನ ಚಿಂತೆ ಇದ್ದರೆ ಯಾರಿಗೆ ಅಂತ ಹೇಳದೆ ದಿನ ಮಾತ್ರ ಕೇಳಿ. ನೇರವಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೇ ಹೋಗಬೇಕು ಅಂತೇನಿಲ್ಲ. ಮೊದಲ ಸಲಕ್ಕೆ ಹತ್ತಿರದ ಆಸ್ಪತ್ರೆ ಸಾಕು, ಅವರೇ ಬೇಕಾದರೆ ಕಳಿಸುತ್ತಾರೆ.

ಬಾಗಿಲಲ್ಲಿ ಪರಿಚಯದವರು ಸಿಕ್ಕರೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಅವರೂ ಅಲ್ಲಿಗೇ ಬಂದಿರುತ್ತಾರೆ ಅನ್ನುವುದನ್ನು ನೆನಪಿಡಿ. ಅಲ್ಲಿಯವರೆಗೂ ಹೋಗಲು ಆಗದಿದ್ದರೆ 14416ರಿಂದ ಶುರು ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯಲ್ಲಿ ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಬಿದ್ದರೆ ಮೇಲಿನ ತಜ್ಞರಿಗೆ ಕಳಿಸುತ್ತಾರೆ.

ಹೋಗುವಾಗ ಹಂತ 1ರ ಪುಸ್ತಕ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಹಳೆಯ ರಕ್ತ ಪರೀಕ್ಷೆಯ ರಿಪೋರ್ಟು ಇರಲಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇದ್ದರೂ ಇದೇ ಥರದ ಸುಸ್ತು ಬೇಸರ ಬರಬಹುದು, ಹಾಗಾಗಿ ಪರೀಕ್ಷೆ ಬರೆದುಕೊಟ್ಟರೆ ತಪ್ಪದೇ ಮಾಡಿಸಿ. ಹೊರರೋಗಿ ವಿಭಾಗದಲ್ಲಿ ಜನ ಹೆಚ್ಚು, ನಿಮಗೆ ಸಿಗುವುದು ಕೆಲವೇ ನಿಮಿಷ. ಮುಖ್ಯವಾದದ್ದನ್ನು ಮೊದಲು ಹೇಳಿ: ಸಾಯುವ ಯೋಚನೆ ಇದ್ದರೆ ಅದು, ಕುಡಿತ ಎಷ್ಟು ಅನ್ನುವುದು, ಮನೆಯಲ್ಲಿ ಹಿಂದೆ ಯಾರಿಗಾದರೂ ಇತ್ತೇ ಅನ್ನುವುದು, ಹೆಣ್ಣುಮಕ್ಕಳಾದರೆ ಬಸಿರು ಬಾಣಂತನದ ವಿಷಯ. ಕುಡಿತವನ್ನು ಕಡಿಮೆ ಮಾಡಿ ಹೇಳಬೇಡಿ, ಮಾತ್ರೆ ಯಾವುದು ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಜೊತೆಗೆ ಬಂದವರ ಮುಂದೆ ಹೇಳಲು ಸಂಕೋಚವಾದರೆ "ಐದು ನಿಮಿಷ ಒಬ್ಬನೇ ಮಾತಾಡ್ಬೇಕು ಡಾಕ್ಟ್ರೇ" ಅಂತ ಕೇಳಬಹುದು. ನಿಮ್ಮ ಮಾನಸಿಕ ಆರೋಗ್ಯದ ವಿವರವನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಹಕ್ಕು. ಪ್ರಾಣಾಪಾಯದಂಥ ಕೆಲವು ಸಂದರ್ಭಗಳನ್ನು ಮಾತ್ರ ಕಾನೂನು ಹೊರಗಿಟ್ಟಿದೆ.

ಇಲ್ಲಿ ನಾನು ಕಂಡ ದೊಡ್ಡ ತಪ್ಪು: ಡಾಕ್ಟರನ್ನು ನೋಡದೆ ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗುವುದು. ಅವುಗಳಲ್ಲಿ ಹಲವು ಬೇಗ ಅಭ್ಯಾಸವಾಗುತ್ತವೆ, ಕುಡಿತದ ಜೊತೆ ಸೇರಿದರೆ ಜೀವಕ್ಕೇ ಅಪಾಯ.

ಹಂತ 7: ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ಹೇಳಬೇಕಾದದ್ದು

ಮೊದಲ ಹತ್ತು ದಿನ ಮನೆಯವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಅದಕ್ಕೂ ಮೊದಲು ವಾಕರಿಕೆ, ಹೊಟ್ಟೆ ಕೆಡುವುದು, ತಲೆನೋವು ಬರಬಹುದು. ಇದನ್ನು ಮೊದಲೇ ಹೇಳಿಡದಿದ್ದರೆ "ಮಾತ್ರೆ ತಗೊಂಡು ಇನ್ನೂ ಹಾಳಾದ" ಅನ್ನುವ ತೀರ್ಮಾನವಾಗಿ ಸ್ಟ್ರಿಪ್ ತಿಪ್ಪೆಗೆ ಹೋಗುತ್ತದೆ. ಮೊದಲ ವಾರಗಳಲ್ಲಿ ಚಡಪಡಿಕೆ ವಿಪರೀತವಾದರೆ, ಸಾಯುವ ಯೋಚನೆ ಹೆಚ್ಚಾದರೆ ಮುಂದಿನ ತಾರೀಖಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಇದೂ ಮನೆಯವರಿಗೆ ಗೊತ್ತಿರಲಿ.

ಇನ್ನೊಂದು ಅಪಾಯ ಬರುವುದು ಚೆನ್ನಾಗಿದ್ದೀನಿ ಅನ್ನಿಸಿದ ದಿನ. "ಈಗ ಸರಿಯಾಗಿದ್ದೀಯಲ್ಲ, ಇನ್ಯಾಕೆ ಮಾತ್ರೆ?" ಅನ್ನುತ್ತಾರೆ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ. ಏಕಾಏಕಿ ಬಿಟ್ಟರೆ ತಲೆ ಸುತ್ತು, ನಿದ್ದೆಗೇಡು ಬಂದು ಕಾಯಿಲೆ ಮರುಕಳಿಸಬಹುದು. ಬಿಡುವುದೂ ಡಾಕ್ಟರು ಹೇಳಿದ ಕ್ರಮದಲ್ಲೇ.

ಹಂತ 8: ಎರಡನೆಯ ಸುತ್ತಿನವರು

ಒಬ್ಬರಿಗೆ ಹೇಳಿ, ಚಿಕಿತ್ಸೆ ಶುರುವಾಗಿ ಒಂದು ತಿಂಗಳು ಕಳೆದ ಮೇಲೆ ಮಾತ್ರ ಇನ್ನೊಬ್ಬರಿಗೆ. ಆ ಹೊತ್ತಿಗೆ ನಿಮ್ಮ ಮಾತಿಗೆ ಬೆನ್ನೆಲುಬು ಬಂದಿರುತ್ತದೆ, ಪಕ್ಕದಲ್ಲಿ ನಿಲ್ಲುವವರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅಪ್ಪಯ್ಯನಿಗೆ ನಾನು ಮತ್ತೆ ಹೇಳಲೇ ಇಲ್ಲ. ಅವ್ವ ಹೇಳಿದಳು.

ಕೆಲಸದ ಜಾಗದಲ್ಲಿ ಕಾಯಿಲೆಯ ಹೆಸರು ಹೇಳುವ ಅಗತ್ಯ ಹೆಚ್ಚಿನವರಿಗೆ ಇರುವುದಿಲ್ಲ. "ಚಿಕಿತ್ಸೆಯಲ್ಲಿದ್ದೇನೆ, ತಿಂಗಳಿಗೆ ಒಂದು ದಿನ ಆಸ್ಪತ್ರೆಗೆ ಹೋಗಬೇಕು" ಅಂದರೆ ಸಾಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಜಾಗದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಮರುದಿನದಿಂದ ನನ್ನ ಒಂದೊಂದು ಸಣ್ಣ ತಪ್ಪಿಗೂ ಅದನ್ನೇ ಕಾರಣ ಮಾಡಿದರು. ಆರೋಗ್ಯ ವಿಮೆ ಇರುವವರು ಇದನ್ನು ತಿಳಿದಿರಿ: ದೇಹದ ಕಾಯಿಲೆಗೆ ಹೇಗೋ ಹಾಗೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕು ಅನ್ನುತ್ತದೆ 2017ರ ಅದೇ ಕಾಯ್ದೆ.

ಮದುವೆ ಮಾತುಕತೆ ನಡೆಯುತ್ತಿದ್ದರೆ ನಿಶ್ಚಿತಾರ್ಥಕ್ಕೆ ಮುಂಚೆ, ಹುಡುಗ ಹುಡುಗಿ ಇಬ್ಬರೇ ಇದ್ದಾಗ, ನೀವೇ ಹೇಳಿ. ದಲ್ಲಾಳಿಯ ಬಾಯಿಂದ ಹೋಗುವುದು ಬೇಡ. ಸಂಬಂಧ ಮುರಿದರೆ ಆಗುವ ನೋವು, ಆಮೇಲೆ ಬೀರುವಿನಲ್ಲಿ ಮಾತ್ರೆ ಸಿಕ್ಕಾಗ ಆಗುವ ನೋವಿಗಿಂತ ಎಷ್ಟೋ ಕಡಿಮೆ.

ಹಂತ 9: ಆಗಾಗ ಇನ್ನೊಂದು ಮಾತು

ಒಮ್ಮೆ ಹೇಳಿದರೆ ಮುಗಿಯಿತು ಅಂದುಕೊಂಡು ಸುಮ್ಮನಾದವರು ಹಲವರು. ಮನೆಯವರು ಆಮೇಲೆ ಕೇಳಲು ಹೆದರುತ್ತಾರೆ, ಕೇಳಿದರೆ ಕೆಣಕಿದಂತಾಗುತ್ತದೇನೋ ಅಂತ. ನಾವು ಹೇಳುವುದಿಲ್ಲ, ಮತ್ತೆ ಯಾಕೆ ತೊಂದರೆ ಕೊಡುವುದು ಅಂತ. ನಡುವೆ ಗೋಡೆ ಏಳುತ್ತದೆ. ಹಾಗಾಗಿ ಕೇಳುವ ಪ್ರಶ್ನೆಯನ್ನು ನೀವೇ ಅವರಿಗೆ ಕೊಟ್ಟುಬಿಡಿ. "ಹೇಗಿದ್ದೀಯ" ಅಂದರೆ "ಚೆನ್ನಾಗಿದ್ದೀನಿ" ಅಂತ ಬಾಯಿಗೆ ಬಂದುಬಿಡುತ್ತದೆ, ಆ ಪ್ರಶ್ನೆ ಬೇಡ. ಎಣಿಸಿ ಉತ್ತರ ಹೇಳಬಹುದಾದ ಪ್ರಶ್ನೆ ಇರಲಿ.

ಅವ್ವನಿಗೆ ನಾನು ಕೊಟ್ಟದ್ದು "ರಾತ್ರಿ ಎಷ್ಟ್ ಹೊತ್ತಿಗೆ ಎಚ್ಚರ ಆಯ್ತು?" ಅನ್ನುವುದನ್ನು. ಬೆಳಿಗ್ಗೆ ಕಾಫಿ ಲೋಟ ಕೈಗಿಡುವಾಗ ಕೇಳುತ್ತಾಳೆ. ಮೂರು ಅಂದರೆ ಅಂದು ನನ್ನನ್ನು ಒಬ್ಬನೇ ತೋಟಕ್ಕೆ ಕಳಿಸುವುದಿಲ್ಲ, ಐದು ಅಂದರೆ ಏನೂ ಹೇಳದೆ ಒಳಗೆ ಹೋಗುತ್ತಾಳೆ. ಕಳೆದ ಮಳೆಗಾಲದಲ್ಲಿ ಒಂದು ವಾರ ಅವಳು ತಂಗಿಯ ಮನೆಗೆ ಹೋಗಿದ್ದಳು. ಎರಡನೆಯ ದಿನ ಬೆಳಿಗ್ಗೆ ಕಾಫಿ ಲೋಟ ತಂದು ಜಗಲಿಯ ಮೇಲಿಟ್ಟು, ನನ್ನ ಕಡೆ ನೋಡದೆ, ಅದೇ ಪ್ರಶ್ನೆ ಕೇಳಿದ್ದು ಅಪ್ಪಯ್ಯ.